ಕೂಗಿ ಒಳಗೆ ಬಾ

ಆಗಸ್ಟ್ ೪, ಭಾನುವಾರ

ನನ್ನ ಪುಟ್ಟಿಗೆ,

ಅಮ್ಮನ ನೆನಪುಗಳು. ನೀನು ಹುಷಾರಾಗಿದ್ದೀಯ, ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೀಯ ಎಂದುಕೊಂಡಿದ್ದೇನೆ. ‘ಇಲ್ಲಿ ನಾವೆಲ್ಲ ಕ್ಷೇಮ’ ಎಂದು ಬರೆಯಬೇಕಾದ ಜಾಗ ಇದು. ಅದನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ, ಪೂರ್ತಿ ಓದಿದ ಮೇಲೆ ನಿನಗೆ ಸರಿ ಕಂಡದ್ದನ್ನು ನೀನೇ ತುಂಬಿಕೋ.

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಮನಸ್ಸಿನಲ್ಲೇ ಬೈದುಕೊಂಡಿರುತ್ತೀಯ. ಬೈದುಕೋ, ಅದು ನ್ಯಾಯವೇ. ಬರೆಯಲು ಎಷ್ಟೋ ಸಲ ಕೂತೆ, ಪ್ರತಿ ಸಲವೂ ಏನಾದರೂ ಕೆಲಸ ಕರೆಯಿತು, ಕರೆಯದಿದ್ದಾಗ ನಾನೇ ಕರೆಸಿಕೊಂಡೆ. ಫೋನಿನಲ್ಲಿ ಹೇಳುವುದು ನನ್ನಿಂದಾಗದು. ನೀನು ‘ಆಮೇಲೆ ಮಾಡ್ತೀನಿ ಅಮ್ಮ’ ಎನ್ನುತ್ತೀಯ, ನಾನು ‘ಆಯ್ತು’ ಎನ್ನುತ್ತೇನೆ, ಅಲ್ಲಿಗೆ ತಾಯಿ ಮಗಳ ಮಾತು ಮುಗಿಯಿತು. ಕಾಗದವನ್ನು ಹಾಗೆ ನಡುವೆ ಕತ್ತರಿಸಲು ಬರುವುದಿಲ್ಲವಲ್ಲ, ಅದಕ್ಕೇ ಕಾಗದ.

ಅಪ್ಪನಿಗೆ ಗಂಟಲಿನ ಆಪರೇಷನ್ ಆಯಿತು ಎಂದಷ್ಟೇ ಮೆಸೇಜ್ ಹಾಕಿದ್ದೆ. ಎಂಥ ಆಪರೇಷನ್ ಎಂದು ಹೇಳಿರಲಿಲ್ಲ. ಮೊದಲೇ ಹೇಳೋಣವೆಂದರೆ ಅವರು ಬಿಡಲಿಲ್ಲ. ‘ನೀನು ಏನೂ ಹೇಳ್ಬೇಡ, ಅವಳಿಗೆ ನಾನೇ ಹೇಳ್ತೀನಿ’ ಅಂದಿದ್ದರು. ಈಗ ನಾನೇ ಹೇಳಬೇಕಾಗಿದೆ. ಸಣ್ಣದಲ್ಲ ಪುಟ್ಟಿ. ಮಾತಾಡುವ ಪೆಟ್ಟಿಗೆಯನ್ನೇ ತೆಗೆದುಬಿಟ್ಟಿದ್ದಾರೆ. ಕುತ್ತಿಗೆಯ ಬುಡದಲ್ಲಿ ಒಂದು ತೂತು ಮಾಡಿದ್ದಾರೆ, ಉಸಿರಾಟ ಅಲ್ಲಿಂದಲೇ. ಮೂಗು ಬಾಯಿ ಇನ್ನು ಮುಖದ ಅಂದಕ್ಕೆ. ನಿಮ್ಮಪ್ಪ ಇನ್ನು ಮಾತಾಡುವುದಿಲ್ಲ.

ಬರೆದುಬಿಟ್ಟೆ. ಇದನ್ನು ಬರೆಯಲಾರದೆಯೇ ಇಷ್ಟು ದಿನ ಪಾತ್ರೆ ತಿಕ್ಕಿದ್ದನ್ನೇ ತಿಕ್ಕುತ್ತ ಕೂತಿದ್ದೆ.

ಇನ್ನೊಂದು ಸುದ್ದಿ. ನಮ್ಮ ಮನೆಗೆ ಮತ್ತೆ ಜುಟ್ಟುಕೋಳಿ ಬಂದಿವೆ. ಹೌದು, ಅವೇ. ಕಪ್ಪು ಮೈ, ತಲೆಯ ಮೇಲೆ ಬಿಳಿ ಗರಿಯ ದೊಡ್ಡ ಚೆಂಡು, ಕಣ್ಣು ಎಲ್ಲಿದೆ ಎಂದು ಹುಡುಕಿ ನೋಡಬೇಕು. ಐದು ವರ್ಷದ ಹಿಂದೆ ರೋಗ ಬಂದಾಗ ನಿನ್ನ ಪಶುವೈದ್ಯ ಇಲಾಖೆಯವರು ಬಿಳಿ ಅಂಗಿ ತೊಟ್ಟು ಬಂದು, ಒಂದನ್ನೂ ಬಿಡದೆ ಸುಣ್ಣದ ಗುಂಡಿಗೆ ಹಾಕಿದರಲ್ಲ, ಅದೇ ತಳಿ. ಕೋಳಿ ಸಾಕುವ ಮನೆಗಳಲ್ಲಿ ನೀನು ಅವರಿಗೆ ಮೊದಲು ತೋರಿಸಿದ್ದು ನಮ್ಮ ಮನೆಯನ್ನೇ. ಅದು ನಿನ್ನ ಕೆಲಸ, ಮಾಡಿದೆ. ನಿಮ್ಮಪ್ಪ ತಾರಸಿಯ ಮೆಟ್ಟಿಲ ಮೇಲೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ, ‘ಈ ಮನೇಲಿ ನಿನಗೆ ಹಾಕೋ ಕಾಳು ಮುಗೀತು’ ಅಂದರು. ನೀನು ಚೀಲ ತೆಗೆದುಕೊಂಡು ಹೋದೆ. ಹಠದಲ್ಲಿ ಅಪ್ಪ ಮಗಳು ಒಂದೇ ಅಚ್ಚು. ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಹಾಗೆ ಇಲ್ಲಿ ಉಳಿದೆ. ಹೋಗಲಿ, ಆ ಪುರಾಣ ಈಗ ಬೇಡ.

ಗಡಿಯಾರ ರಿಪೇರಿಯ ಮಾಮ ನೆನಪಿರಬೇಕು. ಎಷ್ಟೋ ವರ್ಷಗಳ ಹಿಂದೆ ಅಪ್ಪನಿಂದ ಒಂದು ಜೊತೆ ಮರಿ ಕೇಳಿ ಒಯ್ದಿದ್ದರು. ಅವರ ಊರಿನ ಕಡೆ ರೋಗ ಹೋಗಿರಲಿಲ್ಲ. ಈ ಬೇಸಿಗೆಯಲ್ಲಿ ಬಿಸ್ಕತ್ತಿನ ಡಬ್ಬಿಗೆ ಮರದ ಹೊಟ್ಟು ತುಂಬಿ, ಅದರೊಳಗೆ ಮೊಟ್ಟೆ ಹುದುಗಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ‘ನಿನ್ನ ವಸ್ತು ನಿನಗೇ ವಾಪಸ್ಸು ಕಣಯ್ಯಾ’ ಎಂದು ಅಪ್ಪನ ಕೈಗಿಟ್ಟರು. ಅಪ್ಪ ಅವತ್ತು ಮಾಮನಿಗೆ ಟೀ ಕೊಡಲೂ ಮರೆತರು. ಈ ಬಿನ್ನಾಣಗಿತ್ತಿ ಹೇಂಟೆಗಳು ಮೊಟ್ಟೆ ಇಟ್ಟು ಕೈತೊಳೆದುಕೊಳ್ಳುತ್ತವೆಯೇ ಹೊರತು ಕಾವಿಗೆ ಕೂರುವುದಿಲ್ಲವಲ್ಲ, ಅದಕ್ಕೆ ಪಕ್ಕದ ಮನೆಯ ನರ್ಸಮ್ಮ ತಮ್ಮ ಕಂದು ಹೇಂಟೆಯನ್ನು ಎರವಲು ಕೊಟ್ಟರು. ಅದು ಮೊಟ್ಟೆಯ ಮೇಲೆ ಕೂತ ವಾರದಲ್ಲೇ ಇವರ ಗಂಟಲಿನ ಗಂಟಿನ ರಿಪೋರ್ಟ್ ಬಂತು.

ಡಾಕ್ಟರು ಕೂಡಲೇ ಬಂದು ಸೇರಿಕೊಳ್ಳಿ ಎಂದರು. ಇವರು, ಮರಿ ಹೊರಗೆ ಬರಲಿ, ಸ್ವಲ್ಪ ದೊಡ್ಡವಾಗಲಿ, ಆಮೇಲೆ ಬರುತ್ತೇನೆ ಎಂದರು. ಕೋಳಿಮರಿ ಎಂದು ತಿಳಿದಾಗ ಡಾಕ್ಟರು ಇವರನ್ನು ಬಿಟ್ಟು ನನ್ನ ಮುಖ ನೋಡಿದರು, ತಪ್ಪು ನನ್ನದೇ ಎನ್ನುವ ಹಾಗೆ. ನಾನು ಅತ್ತೆ, ಬೈದೆ, ಮಾತು ಬಿಟ್ಟೆ. ‘ಮಾಮನ ಹೇಂಟೆಗೂ ವಯಸ್ಸಾಯ್ತು. ಇವು ಹೋದ್ರೆ ಇನ್ನು ಈ ತಳಿ ಇಲ್ಲ ಕಣೆ’ ಅಂದರು. ಹೆಂಡತಿಯ ಮಾತಿಗಿಂತ ಮೊಟ್ಟೆಯ ಮಾತು ಹೆಚ್ಚಾಯಿತು. ಮರಿಗಳು ಒಡೆದು ಬಂದವು, ನಿಮ್ಮಪ್ಪ ಬೆಳಗ್ಗೆ ಸಂಜೆ ಅವುಗಳ ಎದುರು ಕೂತು ಮಾತಾಡಿದರು, ತಮ್ಮ ದನಿ ಅವಕ್ಕೆ ಚೆನ್ನಾಗಿ ಹಿಡಿಯಿತು ಎಂದು ಖಾತ್ರಿಯಾದ ಮೇಲೆಯೇ ಆಸ್ಪತ್ರೆಯ ಚೀಲ ಕಟ್ಟಲು ಬಿಟ್ಟರು. ಆ ದಿನಗಳನ್ನು ತಮ್ಮ ಆಯಸ್ಸಿನಿಂದ ಕಿತ್ತು ಮರಿಗಳಿಗೆ ಹಾಕಿದರು ಎಂದೇ ನನಗೆ ಅನ್ನಿಸುವುದು. ಅದಕ್ಕೇ ಈ ಮರಿಗಳನ್ನು ಕಂಡರೆ ನನಗೆ ಮೈಯುರಿಯುತ್ತದೆ. ಅದಕ್ಕೇ ಒಂದನ್ನೂ ಸಾಯಲು ಬಿಡಬಾರದು ಎಂದೂ ಅನ್ನಿಸುತ್ತದೆ.

ಇದರ ನಡುವೆ ಇನ್ನೊಂದು ನಡೆಯಿತು. ಮರಿ ಹುಟ್ಟಿದ ಕೂಡಲೇ ಇವರು ಯಾರಿಗೂ ಹೇಳದೆ ನಿನ್ನ ಇಲಾಖೆಯ ಕಚೇರಿಗೆ ಹೋಗಿ, ನಮ್ಮ ಮನೆಯಲ್ಲಿ ಇಂಥ ಕೋಳಿ ಇವೆ ಎಂದು ತಾವೇ ತಿಳಿಸಿ, ಲಸಿಕೆಗೆ ದಿನ ಗೊತ್ತು ಮಾಡಿಕೊಂಡು ಬಂದರು. ಸೂರ್ಯ ಯಾವ ಕಡೆ ಹುಟ್ಟಿದ ಎಂದು ಕೇಳಿದೆ. ‘ಯಾರೋ ಬಂದು ಕೇಳೋ ಮೊದ್ಲು ನಾವೇ ಹೇಳ್ಬೇಕು’ ಎಂದು ಚಪ್ಪಲಿ ಬಿಟ್ಟು ಒಳಗೆ ಹೋದರು.

ಕಣ್ಣು ಮಂಜಾಗುತ್ತಿದೆ, ಉಳಿದದ್ದು ನಾಳೆ.

ಆಗಸ್ಟ್ ೧೧

ನಾಳೆ ಎಂದವಳು ವಾರ ಬಿಟ್ಟು ಕೂತಿದ್ದೇನೆ. ಕಾರಣ ಕೊನೆಗೆ ಹೇಳುತ್ತೇನೆ. ಮೊದಲು ಮರಿಗಳ ಸಮಾಚಾರ.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅವುಗಳ ಬಾಣಂತನ ನನ್ನದೇ. ಮನೆ, ಆಸ್ಪತ್ರೆ, ತಾರಸಿ, ಮತ್ತೆ ಆಸ್ಪತ್ರೆ. ನೀನು ಚಿಕ್ಕವಳಿದ್ದಾಗ ಮಾಡುತ್ತಿದ್ದದ್ದೆಲ್ಲ ನೆನಪಿಸಿಕೊಂಡು ಮಾಡಿದೆ. ಅಗಲ ಬಟ್ಟಲಿನಲ್ಲಿ ನೀರಿಟ್ಟರೆ ಜುಟ್ಟು ನೆನೆಯುತ್ತದೆಂದು ಬಾಯಿ ಕಿರಿದಾದ ಡಬ್ಬಿಯಲ್ಲೇ ನೀರು. ಜುಟ್ಟು ನೆನೆದರೆ ನೆಗಡಿ, ನೆನೆದು ಅಂಟಿದರೆ ಉಳಿದವು ಅದನ್ನೇ ಕುಕ್ಕುತ್ತವೆ. ಜುಟ್ಟಿನ ಕೆಳಗೆ ತಲೆಬುರುಡೆ ಪೂರ್ತಿ ಕೂಡಿಕೊಂಡಿರುವುದಿಲ್ಲ, ಎಳೆಗೂಸಿನ ನೆತ್ತಿಯ ಹಾಗೆ ಮೆತ್ತಗೆ. ಸರಿಯಾಗಿ ಒಂದು ಕುಕ್ಕು ಬಿದ್ದರೆ ಮುಗಿಯಿತು. ಹಾಗೆ ಒಂದು ಹೋಯಿತು ಕೂಡ. ಉಳಿದದ್ದು ಹನ್ನೊಂದು. ಬೆಳೆದ ಮೇಲೆ ಕಂದು ಹೇಂಟೆಯೂ ಅವನ್ನು ಕೊಡವಿಕೊಂಡು ತನ್ನ ಪಾಡಿಗೆ ಹೋಯಿತು.

ಕೂಗದೆ ತಾರಸಿಯ ಗೂಡಿಗೆ ಕಾಲಿಡಬಾರದು ಎನ್ನುವುದು ನೀನು ನಡೆಯಲು ಕಲಿತಾಗಲೇ ಕಲಿತ ಪಾಠ. ಜುಟ್ಟು ಕಣ್ಣಿಗೆ ಅಡ್ಡವಾಗಿ ಬರುವವರು ಅವಕ್ಕೆ ಕಾಣುವುದಿಲ್ಲ, ದನಿಯೊಂದೇ ಗುರುತು. ಸದ್ದಿಲ್ಲದೆ ಹೋದರೆ ಬೆಕ್ಕೇ ಬಂತೆಂದು ದಿಕ್ಕೆಟ್ಟು ಹಾರುತ್ತವೆ. ನಿಮ್ಮಪ್ಪ ಮೆಟ್ಟಿಲ ಬುಡದಲ್ಲಿ ನಿಂತು ತರಕಾರಿ ಮಾರುಕಟ್ಟೆಯಲ್ಲಿ ತಾವು ಕೂಗುತ್ತಿದ್ದ ಹರಾಜಿನ ಕೂಗನ್ನೇ ಹಾಕುತ್ತಿದ್ದರಲ್ಲ, ‘ಒಂದ್ಸಲ... ಎರಡ್ಸಲ... ಮೂರ್ಸಲ...’ ಎಂದು. ಮೂರನೆಯದಕ್ಕೆ ಇಡೀ ಸಂಸಾರ ಬಾಗಿಲಲ್ಲಿ ಹಾಜರು. ಮಾರುಕಟ್ಟೆಯವರು ಸುಮ್ಮನೆ ಮೈಕಣ್ಣ ಎಂದು ಹೆಸರಿಟ್ಟಿರಲಿಲ್ಲ. ನಾನೂ ಅದೇ ಕೂಗು ಹಾಕಿ ನೋಡಿದೆ. ಮರಿಗಳು ತಲೆ ವಾರೆ ಮಾಡಿ ಕೇಳಿಸಿಕೊಂಡು, ಇದೆಲ್ಲಿಯ ಡೂಪ್ಲಿಕೇಟು ಎನ್ನುವ ಹಾಗೆ ನಿಂತವು. ಆಮೇಲೆ ಕಾಳಿನ ಆಸೆಗೆ ಒಪ್ಪಿಕೊಂಡವು.

ಇವರು ಮನೆಗೆ ಬಂದ ಮೇಲೆ ಸ್ವಲ್ಪ ದಿನ ತಾರಸಿಗೆ ಹೋಗಬಾರದು, ಗೂಡಿನ ದೂಳು ಆ ತೂತಿಗೆ ಆಗದು ಎಂದು ನರ್ಸಮ್ಮ ಕಟ್ಟಪ್ಪಣೆ ಮಾಡಿದ್ದರು. ಹಗಲೆಲ್ಲ ಕಿಟಕಿಯ ಪಕ್ಕ ಕೂತು ಮೇಲಿನ ಸದ್ದು ಕೇಳುತ್ತಿದ್ದರು. ತೊಡೆಯ ಮೇಲೆ ಸ್ಲೇಟು. ಅದರಲ್ಲಿ ನನಗೆ ಬೈಗುಳ: ನೀರು ಬದಲಿಸಿದೆಯಾ, ಮೂಲೆಯ ಹೊಟ್ಟು ಒದ್ದೆಯಾಗಿದೆ, ಒಂದು ಮರಿ ಸೀನುತ್ತಿದೆ. ಕೆಳಗಿದ್ದುಕೊಂಡೇ ಸೀನುವ ಮರಿ ಯಾವುದೆಂದು ಹೇಳುತ್ತಿದ್ದರು. ಗಂಟಲಿಗೆ ಒತ್ತಿ ಹಿಡಿದರೆ ಗುಂಯ್ ಎನ್ನುವ ಮಾತಿನ ಯಂತ್ರವೊಂದು ಇದೆಯಂತೆ, ಗಾಯ ಮಾಗಲಿ ನೋಡೋಣ ಎಂದಿದ್ದಾರೆ. ಅಲ್ಲಿಯವರೆಗೆ ಸ್ಲೇಟೇ ಬಾಯಿ.

ಬುಧವಾರ ಮಧ್ಯಾಹ್ನ ನಾನು ಔಷಧಿ ಅಂಗಡಿಗೆ ಹೋಗಿದ್ದೆ. ಐದು ನಿಮಿಷದಲ್ಲಿ ಬಂದುಬಿಡುತ್ತೇನೆ ಎಂದು ಹೋದವಳಿಗೆ ಅಂಗಡಿಯಲ್ಲಿ ಜನ. ಮುಂದಿನದನ್ನು ಕಂಡದ್ದು ಬಟ್ಟೆ ಹರವುತ್ತಿದ್ದ ನರ್ಸಮ್ಮ. ಇವರು ಕಾಳಿನ ಬಟ್ಟಲು ಹಿಡಿದು ಮೆಟ್ಟಿಲ ಬುಡಕ್ಕೆ ಬಂದರಂತೆ. ಎಂದಿನ ಹಾಗೆ ಗೋಡೆಗೆ ಒಂದು ಕೈ ಕೊಟ್ಟು, ತಲೆ ಮೇಲೆತ್ತಿ, ಬಾಯಿ ತೆರೆದರಂತೆ. ಬಾಯಿ ಮೂರು ಸಲ ಆಡಿತು. ಆಮೇಲೆ, ಕೂಗಿದವರು ಹತ್ತುವ ಹಾಗೆ, ನಿಶ್ಚಿಂತೆಯಿಂದ ಹತ್ತಿ ಹೋಗಿ ಬಾಗಿಲು ತೆರೆದರು.

ಅವರಿಗೆ ಗೊತ್ತಾಗಲಿಲ್ಲ ಪುಟ್ಟಿ. ನಾಲ್ಕು ದಶಕದ ಅಭ್ಯಾಸ. ತಮ್ಮ ಕೂಗು ತಮ್ಮ ಕಿವಿಗೆ ಕೇಳಿಸಿತ್ತು ಎಂದೇ ಅವರ ಲೆಕ್ಕ.

ಮರಿಗಳಿಗೆ ಕೇಳಿಸಿದ್ದು ಬೇರೆ. ಮೆಟ್ಟಿಲು ಹತ್ತಿದ ಏದುಸಿರು ಕುತ್ತಿಗೆಯ ತೂತಿನಿಂದ ಬುಸ್ ಬುಸ್ ಎಂದು ಬರುತ್ತದೆ. ನನಗೇ ಮೊದಮೊದಲು ಅದನ್ನು ಕೇಳಿ ಎದೆ ಝಲ್ಲೆನ್ನುತ್ತಿತ್ತು. ಕಣ್ಣು ಕಾಣದ ಮರಿಗಳು ಏನೆಂದುಕೊಳ್ಳಬೇಕು. ಎಲ್ಲ ಒಟ್ಟಿಗೆ ಹಾರಿ ಒಂದೇ ಮೂಲೆಗೆ ನುಗ್ಗಿದವು. ಒಂದರ ಮೇಲೆ ಒಂದು ಬಿದ್ದವು, ಅಡಿಯಲ್ಲಿದ್ದವಕ್ಕೆ ಉಸಿರಿಲ್ಲ. ಇವರು ಬಿಡಿಸಲು ಬಗ್ಗಿದರು, ಬಗ್ಗಿದಷ್ಟೂ ಆ ಬುಸುಗುಟ್ಟುವ ಸದ್ದು ಹತ್ತಿರವಾಯಿತು, ಅವು ಇನ್ನಷ್ಟು ಒತ್ತಿಕೊಂಡವು. ಹೆದರಬೇಡಿ ಎಂದು ಹೇಳಲು ಇವರಿಗೆ ದನಿಯಿಲ್ಲ.

ನಾನು ಬಂದಾಗ ಹೊಟ್ಟಿನ ಮೇಲೆ ಕಾಲು ಚಾಚಿ ಕೂತಿದ್ದರು. ಐದು ಸತ್ತಿದ್ದವು. ಅವನ್ನು ಸಾಲಾಗಿ ಮಲಗಿಸಿ, ಒಂದೊಂದರ ಜುಟ್ಟನ್ನೂ ಬೆರಳಿನಿಂದ ಸರಿ ಮಾಡುತ್ತಿದ್ದರು, ಕೋಳಿ ಪ್ರದರ್ಶನಕ್ಕೆ ಒಯ್ಯುವಾಗ ಮಾಡುತ್ತಿದ್ದ ಹಾಗೆ. ಉಳಿದ ಆರು ಇನ್ನೊಂದು ಮೂಲೆಯಲ್ಲಿ ಒಂದೇ ಮುದ್ದೆಯಾಗಿ ನಡುಗುತ್ತಿದ್ದವು. ನಾನು ಮೆಟ್ಟಿಲಿನಿಂದಲೇ ಕೂಗಿಕೊಂಡು ಬಂದೆನಲ್ಲ, ಅವು ನನ್ನ ಕಾಲಿಗೆ ಓಡಿ ಬಂದವು. ಡೂಪ್ಲಿಕೇಟು ಕೂಗಿಗೆ. ಇವರ ಎದುರಿಗೇ. ಆ ಹೊತ್ತಿನಲ್ಲಿ ನನ್ನ ದನಿಯೂ ಹೋಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಕೆಳಗೆ ಕರೆತಂದು ಸ್ಲೇಟು ಕೊಟ್ಟೆ. ‘ನಾನು ಕೂಗಿದೆ’ ಎಂದು ಬರೆದರು. ಅಳಿಸಿ ಮತ್ತೆ ಅದನ್ನೇ ಬರೆದರು. ಆಮೇಲೆ ಅತ್ತರು. ಸದ್ದಿಲ್ಲದ ಅಳು ಎಂದರೆ ಏನೆಂದು ನಾನು ತಿಳಿದಿರಲಿಲ್ಲ. ಮುಖ ಅಳುತ್ತದೆ, ಬಿಕ್ಕು ಮಾತ್ರ ಕುತ್ತಿಗೆಯಿಂದ ಗಾಳಿಯಾಗಿ ಬರುತ್ತದೆ, ತೂತಿಗೆ ಮುಚ್ಚಿದ ಬಟ್ಟೆ ಒದ್ದೆಯಾಗುತ್ತದೆ. ನಾನು ಬಟ್ಟೆ ಬದಲಿಸಿದೆ. ಬೇರೆ ಏನು ಮಾಡಲಿ.

ಆಗಸ್ಟ್ ೧೩

ಇವತ್ತು ಮುಗಿಸಿಯೇ ಏಳುತ್ತೇನೆ.

ನಿನ್ನೆ ಬೆಳಗ್ಗೆ ಇವರು ನನ್ನ ಹೊಲಿಗೆ ಡಬ್ಬಿಯಿಂದ ಸಣ್ಣ ಕತ್ತರಿ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡು, ಮೇಲೆ ಹೋಗೋಣ ಎಂದು ಕೈ ಮಾಡಿದರು. ನಾನು ಮುಂದೆ ಕೂಗುತ್ತ ಹೋದೆ, ಅವರು ಹಿಂದೆ. ಒಂದು ಮರಿಯನ್ನು ಹಿಡಿದು ಕೊಡು ಎಂದು ಸನ್ನೆ ಮಾಡಿದರು. ಕೊಟ್ಟೆ. ಸೆರಗಿನಲ್ಲಿ ಅದರ ಮೈ ಸುತ್ತಿ ಹಿಡಿದುಕೊಂಡೆ. ಅವರು ಅದರ ಜುಟ್ಟನ್ನು ಕತ್ತರಿಸಿದರು.

ನೀನು ಇದನ್ನು ಎರಡು ಸಲ ಓದಿರುತ್ತೀಯ. ಪ್ರದರ್ಶನದಲ್ಲಿ ಯಾರೋ ತಮ್ಮ ಹುಂಜದ ಜುಟ್ಟನ್ನು ಕಣ್ಣಿಗೆ ಅಡ್ಡವೆಂದು ಸ್ವಲ್ಪ ಕತ್ತರಿಸಿದ್ದಕ್ಕೆ, ‘ಅದರ ಬದಲು ನಿನ್ನ ಮೂಗು ಕೊಯ್ಕೋ’ ಎಂದು ಜಗಳವಾಡಿ ಬಂದ ಮನುಷ್ಯ ಇವರು. ಆರಕ್ಕೂ ಕತ್ತರಿಸಿದರು. ಕಣ್ಣಿನ ಸುತ್ತ ಬಿಡಿಸಿ, ಮೇಲೂ ಗಿಡ್ಡ ಮಾಡಿ. ಬಿಳಿ ಗರಿಗಳೆಲ್ಲ ಮಡಿಲಲ್ಲಿ ಬಿದ್ದವು, ಅವನ್ನು ಕೊಡವಿಕೊಳ್ಳಲೂ ಇಲ್ಲ. ದನಿ ಇಲ್ಲದವನನ್ನು ಕಣ್ಣಿನಿಂದಲಾದರೂ ಗುರುತು ಹಿಡಿಯಲಿ ಎನ್ನುವುದು ಅವರ ಆಸೆ.

ಬಿಟ್ಟ ಮೇಲೆ ಮರಿಗಳು ಕಣ್ಣು ಪಿಳಿಪಿಳಿ ಮಾಡಿ ಸುತ್ತ ನೋಡಿದವು. ಗೋಡೆ ನೋಡಿದವು, ಬಾಗಿಲು ನೋಡಿದವು. ಕೊನೆಗೆ ಇವರನ್ನು ನೋಡಿದವು. ಇವರು ಅಂಗೈಯಲ್ಲಿ ಕಾಳು ಇಟ್ಟುಕೊಂಡು ಉಸಿರನ್ನೂ ಬಿಗಿ ಹಿಡಿದು ಕೂತಿದ್ದರು. ಅವು ಇವರ ಮುಖವನ್ನು ಸರಿಯಾಗಿ ಕಂಡಿದ್ದು ಅದೇ ಮೊದಲು. ಅವಕ್ಕೆ ಗೊತ್ತಿದ್ದದ್ದು ದನಿ, ಮುಖವಲ್ಲವಲ್ಲ. ಒಂದೊಂದೇ ಹಿಂದಕ್ಕೆ ಸರಿದು ನನ್ನ ಸೀರೆಯ ಹಿಂದೆ ನಿಂತವು. ನಿಧಾನವಾಗಿ ಅಭ್ಯಾಸವಾಗುತ್ತದೆ ಎಂದೆ. ತಲೆಯಾಡಿಸಿದರು, ಒಪ್ಪಿದ್ದಕ್ಕಲ್ಲ, ನಾನು ಸುಮ್ಮನಿರಲಿ ಎಂದು.

ನಿಧಾನ ಎನ್ನುವುದಕ್ಕೆ ಈಗ ನಮ್ಮಲ್ಲಿ ಎಷ್ಟು ಜಾಗವಿದೆಯೋ. ಕುತ್ತಿಗೆಯ ಎಡಕ್ಕೆ ಇನ್ನೊಂದು ಗಂಟು ಕೈಗೆ ಸಿಗುತ್ತಿದೆ. ಡಾಕ್ಟರು ಮುಟ್ಟಿ ನೋಡಿದರು, ಬೈಯಲಿಲ್ಲ. ಬೈಯುವ ಡಾಕ್ಟರು ಬೈಯದೆ ಬೆನ್ನು ತಟ್ಟಿದರೆ ಅದರ ಅರ್ಥ ನನಗೂ ಗೊತ್ತು. ಸೋಮವಾರದಿಂದ ಕರೆಂಟು, ಅದೇ ರೇಡಿಯೇಷನ್, ಕೊಡುತ್ತಾರಂತೆ. ಮೊದಲೇ ಸೇರಿದ್ದರೆ ಎಂದು ನಾನು ಕೇಳಲಿಲ್ಲ. ಕೇಳಿ ಬರುವ ಉತ್ತರದ ಜತೆ ನಾನೇ ತಾನೆ ಬದುಕಬೇಕಾದದ್ದು.

ಹಾಗಾಗಿ, ಪುಟ್ಟಿ, ಬಾ. ಯಾರು ಸರಿ ಯಾರು ತಪ್ಪು ಎಂದು ತೀರ್ಮಾನ ಮಾಡಲು ಕರೆಯುತ್ತಿಲ್ಲ. ನಿನ್ನ ದನಿ ಥೇಟ್ ಅವರದೇ. ನೀನು ಫೋನೆತ್ತಿ ಹಲೋ ಎಂದರೆ ಮಾರುಕಟ್ಟೆಯವರು ‘ನೆಗಡಿನಾ ಮೈಕಣ್ಣ’ ಎಂದು ಕೇಳುತ್ತಿದ್ದದ್ದು ನೆನಪಿದೆಯಲ್ಲ. ಬಂದವಳು ಬಾಗಿಲು ತಟ್ಟಬೇಡ. ಮೆಟ್ಟಿಲ ಬುಡದಲ್ಲಿ ನಿಂತು ಮೂರು ಸಲ ಕೂಗು, ಆಮೇಲೆ ಒಳಗೆ ಬಾ. ಮರಿಗಳು ಬಾಗಿಲಿಗೆ ಬರುತ್ತವೋ ಇಲ್ಲವೋ ನಾನರಿಯೆ. ಕಿಟಕಿಯ ಪಕ್ಕ ಕೂತಿರುವವರಿಗೆ ಕೇಳಿಸಿದರೆ ಸಾಕು.

ನಿನ್ನ ಕೈಗೆ ಬಂದ ಜೀವ ಯಾವುದೂ ನಿನ್ನ ಕೈಯಲ್ಲಿ ಸಾಯದಿರಲಿ. ನಿನ್ನ ಊಟ ನಿನಗೆ ರುಚಿಸಲಿ, ನಿನ್ನ ನಿದ್ದೆ ನಿನಗೆ ಹತ್ತಲಿ. ಅಮ್ಮನ ಬಳಿ ಕೊಡಲು ಇರುವುದು ಇಷ್ಟೇ, ಮನಸಾರೆ ಕೊಟ್ಟಿದ್ದೇನೆ.

ನಿನ್ನ
ಅಮ್ಮ

ತಾ.ಕ.: ಇದನ್ನು ಬರೆಯಬಾರದು ಎಂದು ಮೂರು ದಿನ ಕೂತು ಯೋಚಿಸಿದೆ. ಲಕೋಟೆ ಅಂಟಿಸಿಯೂ ಆಗಿತ್ತು, ಮತ್ತೆ ಬಿಚ್ಚಿದೆ. ಆಪರೇಷನ್ನಿನ ಹಿಂದಿನ ಸಂಜೆ ನಿನ್ನ ಫೋನಿಗೆ ನನ್ನ ನಂಬರಿನಿಂದ ಮೂರು ಕರೆ ಬಂದಿದ್ದವಲ್ಲ, ಮಾಡಿದ್ದು ನಾನಲ್ಲ. ಆಸ್ಪತ್ರೆಯ ಮಂಚದ ಮೇಲೆ ಕೂತು ಅವರೇ ಮಾಡಿದರು. ಮೊದಲನೆಯದಕ್ಕೆ ಮುಂಚೆ ನೀರು ಕುಡಿದು ಗಂಟಲು ಸರಿ ಮಾಡಿಕೊಂಡರು. ಮೂರನೆಯದನ್ನೂ ನೀನು ಎತ್ತದಿದ್ದಾಗ, ಇನ್ನೊಂದು ಸಲ ಮಾಡಿ ಅಂದೆ. ‘ಮೂರ್ಸಲ ಆಯ್ತಲ್ಲ, ಆಮೇಲೆ ಕೂಗೋ ಹಾಗಿಲ್ಲ’ ಎಂದು ಫೋನನ್ನು ನನ್ನ ಕೈಗಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ನಿನ್ನ ಮೆಸೇಜ್ ಬಂತು, ‘ಕೆಲಸದಲ್ಲಿದೀನಿ ಅಮ್ಮ, ನಾಳೆ ಮಾತಾಡೋಣ’ ಎಂದು. ಅದನ್ನು ಅವರೂ ಓದಿದರು. ನೀನು ತಪ್ಪು ಮಾಡಿದೆ ಎಂದು ಹೇಳುತ್ತಿಲ್ಲ, ನಿನಗೆ ಗೊತ್ತಿರಲಿಲ್ಲ. ಏನು ಹೇಳಬೇಕೆಂದಿದ್ದರೋ ನನಗೂ ಗೊತ್ತಿಲ್ಲ. ಜುಟ್ಟು ಕತ್ತರಿಸಿದ ದಿನ ಕೆಳಗೆ ಬಂದ ಮೇಲೆ ಸ್ಲೇಟು ಕೊಟ್ಟು ಕೇಳಿದೆ, ಆವತ್ತು ಮಗಳಿಗೆ ಹೇಳಬೇಕು ಎಂದಿದ್ದನ್ನು ಇದರಲ್ಲಿ ಬರೆಯಿರಿ, ನಾನು ಕಾಗದದಲ್ಲಿ ಹಾಗೇ ಇಳಿಸಿ ಕಳಿಸುತ್ತೇನೆ ಎಂದು. ಬಳಪ ತೆಗೆದುಕೊಂಡು ಒಂದೇ ಸಾಲು ಬರೆದು ಸ್ಲೇಟನ್ನು ನನ್ನ ಕಡೆ ತಿರುಗಿಸಿದರು. ‘ಅದು ಬರೆಯೋ ಮಾತಲ್ಲ’ ಎಂದಿತ್ತು.